ಲಂಗಡನ ನಕಲು: ‘ರಾಗ್ ದರ್ಬಾರಿ’ ನಗಿಸುತ್ತಲೇ ಎಲ್ಲಿ ಚುಚ್ಚುತ್ತದೆ?

ತಹಸೀಲು ಕಚೇರಿಯಲ್ಲಿ ಒಂದು ಜಗಳ. ಲಂಚದ ವಿಷಯಕ್ಕೆ. ಕೊಡಬೇಕೋ ಬೇಡವೋ ಅಂತಲ್ಲ, ಎಷ್ಟು ಕೊಡಬೇಕು ಅಂತ. ದಾಖಲೆಗಳ ನಕಲು ಕೊಡುವ ಗುಮಾಸ್ತ ಐದು ರೂಪಾಯಿ ಕೇಳಿದ್ದಾನೆ. ಎದುರಿಗೆ ನಿಂತವನನ್ನು ಊರೆಲ್ಲ ಕರೆಯೋದು ಲಂಗಡ್ ಅಂತ, ಅಂದರೆ ಕುಂಟ. ಅವನ ಒಂದು ಕಾಲು ಮೊಣಕಾಲ ಹತ್ತಿರ ಕಡಿದುಹೋಗಿದೆ, ಅದರ ಕೆಲಸವನ್ನು ಒಂದು ಕೋಲು ಮಾಡುತ್ತಿದೆ. ಕೊರಳಲ್ಲಿ ತುಳಸಿ ಮಣಿ, ಹಣೆ ಮೇಲೆ ಕಬೀರಪಂಥಿಗಳ ತಿಲಕ. ಇದಕ್ಕೆ ಎರಡೇ ರೂಪಾಯಿ ರೇಟು ಅನ್ನೋದು ಅವನ ವಾದ.

ಅಲ್ಲೇ ಇದ್ದ ಒಂದಿಬ್ಬರು ವಕೀಲರು ರಾಜಿಗೆ ಬರುತ್ತಾರೆ. ಮೊದಲು ಗುಮಾಸ್ತನಿಗೆ ಹೇಳುತ್ತಾರೆ: ಪಾಪ, ಕುಂಟ, ಎರಡಕ್ಕೇ ಒಪ್ಪಿಕೋ. ಅವನು ಗಂಡಸಿನ ಮಾತು ಒಂದೇ ಅಂತಾನೆ. ಸರಿ, ಲಂಗಡನ ಕಡೆ ತಿರುಗುತ್ತಾರೆ: ಅವನೂ ಸಂಸಾರಸ್ಥ, ಹೆಣ್ಣುಮಕ್ಕಳ ಮದುವೆ ಮಾಡಬೇಕು, ಅದಕ್ಕೇ ರೇಟು ಏರಿಸಿದ್ದಾನೆ, ಕೊಟ್ಟುಬಿಡು ಮಾರಾಯ. ಲಂಗಡನಿಗೆ ಪಿತ್ತ ನೆತ್ತಿಗೇರುತ್ತದೆ. ಸಂಬಳವನ್ನೆಲ್ಲ ಕುಡಿತಕ್ಕೆ, ಬಾಡೂಟಕ್ಕೆ ಸುರಿಯೋದು, ಮಗಳ ಮದುವೆಗೆ ಲಂಚ ತಗೊಳ್ಳೋದು, ಚೆನ್ನಾಗಿದೆ ಅಂತ ಒಂದು ಮಾತು ಬಿಡುತ್ತಾನೆ. ಅಷ್ಟೇ. ಗುಮಾಸ್ತ ಕೆಂಡವಾಗುತ್ತಾನೆ. ಹೋಗು, ಇನ್ನು ನಿನ್ನ ಹತ್ತಿರ ಲಂಚ ಮುಟ್ಟಲ್ಲ. ಏನೇ ಇದ್ದರೂ ಕಾಯಿದೆ ಪ್ರಕಾರ!

ವಕೀಲರು ಅಂಗಲಾಚುತ್ತಾರೆ. ಹಾಗೆಲ್ಲ ಅನ್ನಬೇಡಪ್ಪಾ, ಅವನು ಭಕ್ತ ಮನುಷ್ಯ, ಅವನ ಮಾತನ್ನು ಮನಸ್ಸಿಗೆ ಹಚ್ಚಿಕೋಬೇಡ. ಗುಮಾಸ್ತನ ಸಿಟ್ಟು ಇಳಿಯೋದೇ ಇಲ್ಲ. ಈ ಕಡೆ ಲಂಗಡನೂ ಆಣೆ ಹಾಕುತ್ತಾನೆ: ಲಂಚ ಕೊಡಲ್ಲ, ಕಾಯಿದೆ ಪ್ರಕಾರವೇ ನಕಲು ತಗೋತೀನಿ. ಆ ಕಡೆ ಗುಮಾಸ್ತನ ಆಣೆ: ಲಂಚ ತಗೊಳ್ಳಲ್ಲ, ಕಾಯಿದೆ ಪ್ರಕಾರವೇ ನಕಲು ಕೊಡ್ತೀನಿ. ಇಬ್ಬರಿಗೂ ಬೇಕಿರೋದು ಒಂದೇ. ಅದಕ್ಕೇ ಯುದ್ಧ.

ಇದು ಶ್ರೀಲಾಲ್ ಶುಕ್ಲ ಅವರ ‘ರಾಗ್ ದರ್ಬಾರಿ’ ಅನ್ನುವ ಹಿಂದಿ ಕಾದಂಬರಿಯ ಒಂದು ಪ್ರಸಂಗ. ಕಾದಂಬರಿ ಬಂದದ್ದು 1968ರಲ್ಲಿ. ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಮೊದಲು ಓದಿದ್ದು ಕಾಲೇಜು ಮುಗಿಸಿದ ವರ್ಷ. ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳಿಗೆ ಬಾಯಿಪಾಠ ಮಾಡಿದ ಹಿಂದಿಯಲ್ಲಿ ಇದನ್ನು ಓದೋಕೆ ಹೋದರೆ ಮೊದಲ ಐವತ್ತು ಪುಟ ಏದುಸಿರು. ಪಠ್ಯದ ಹಿಂದಿಯಲ್ಲಿ ಯಾರೂ ಬೈಯುತ್ತಿರಲಿಲ್ಲ, ಭಂಗಿ ಅರೆಯುತ್ತಿರಲಿಲ್ಲ. ಆದರೆ ಲಂಗಡನ ಜಗಳಕ್ಕೆ ಬಂದಾಗ ಬಸ್ಸಿನಲ್ಲಿ ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದವರು ಸ್ವಲ್ಪ ಸರಿದು ಕೂತರು. ಅವತ್ತಿನಿಂದ ಶುಕ್ಲ ನನ್ನ ಮೆಚ್ಚಿನ ಲೇಖಕ.

ತಮಾಷೆ ಇರೋದು ಎಲ್ಲಿ ಅಂತ ಆಗ ಯಾರಾದರೂ ಕೇಳಿದ್ದರೆ ‘ಲಂಚಕ್ಕೂ ಚೌಕಾಶಿ ಮಾಡ್ತಾರಲ್ಲ’ ಅಂದಿರುತ್ತಿದ್ದೆ. ಅದು ಮೇಲುಪದರ. ಗುಮಾಸ್ತನ ಬೆದರಿಕೆಯನ್ನು ಇನ್ನೊಮ್ಮೆ ನೋಡಿ. ನಿನ್ನ ಅರ್ಜಿ ಹರಿದುಹಾಕ್ತೀನಿ ಅಂತ ಅವನು ಹೇಳಲಿಲ್ಲ, ನಿನ್ನ ಕೆಲಸ ಮಾಡೋದಿಲ್ಲ ಅಂತಲೂ ಹೇಳಲಿಲ್ಲ. ಕಾಯಿದೆ ಪಾಲಿಸ್ತೀನಿ ಅಂದ. ಅದನ್ನು ಕೇಳಿ ಕಾನೂನು ಓದಿದ ವಕೀಲರೇ ನಡುಗಿಹೋದರು. ಕಾಯಿದೆಯನ್ನು ಪಾಲಿಸೋದೇ ಒಂದು ಶಿಕ್ಷೆ ಆಗುವಂಥ ಊರು ಹೇಗಿರುತ್ತದೆ? ನನ್ನ ಮಟ್ಟಿಗೆ ಇಡೀ ಕಾದಂಬರಿ ಇದೊಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಇಲ್ಲಿ ನಿಯಮ ಮುರಿಯುವವರು ಕಡಿಮೆ. ಎಲ್ಲರೂ ನಿಯಮವನ್ನು ಬಾಯಿಪಾಠ ಮಾಡಿದವರೇ. ಅದನ್ನು ಮುರಿಯದೆಯೇ ಮುರಿಯೋದು ಹೇಗೆ ಅಂತ ಕಲಿತವರು.

ಹಾಸ್ಯಕ್ಕೂ ವಿಡಂಬನೆಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದೂ ಇಲ್ಲೇ. ಗುಂಡಿಗೆ ಬಿದ್ದವನನ್ನು ನೋಡಿ ನಗೋದು ಹಾಸ್ಯ. ಗುಂಡಿ ತೋಡಿಸಿದವರು ಅದರ ಪಕ್ಕದಲ್ಲೇ ‘ಸುರಕ್ಷಿತ ರಸ್ತೆ ನಿಮ್ಮ ಹಕ್ಕು’ ಅಂತ ಬೋರ್ಡು ನೆಟ್ಟಿದ್ದಾರೆ ನೋಡಿ ಅಂತ ತೋರಿಸೋದು ವಿಡಂಬನೆ. ಅಲ್ಲಿ ನಗು ಬರೋದು ಬೋರ್ಡಿನಿಂದ. ಶುಕ್ಲರಂತೂ ಬೋರ್ಡಿನ ಅಕ್ಷರಗಳನ್ನೇ ನಿಧಾನವಾಗಿ, ಮುಖ ಗಂಟಿಕ್ಕಿಕೊಂಡು, ಗೌರವದಿಂದ ಓದಿ ಹೇಳುತ್ತಾರೆ.

ಕಥೆ ಅಂತ ದೊಡ್ಡದಾಗಿ ಏನೂ ಇಲ್ಲ. ರಂಗನಾಥ ಅನ್ನುವ ಹುಡುಗ. ಇತಿಹಾಸದಲ್ಲಿ ಎಂ.ಎ. ಮಾಡಿ ಸಂಶೋಧನೆಗೆ ಬಿದ್ದು ಆರೋಗ್ಯ ಕೆಡಿಸಿಕೊಂಡವನು. ಒಂದಿಷ್ಟು ತಿಂಗಳು ಹಳ್ಳಿ ಗಾಳಿಯಲ್ಲಿ ಸುಧಾರಿಸಿಕೊಳ್ಳೋಣ ಅಂತ ಉತ್ತರ ಪ್ರದೇಶದ ಶಿವಪಾಲಗಂಜ್‌ಗೆ, ಸೋದರಮಾವನ ಮನೆಗೆ ಬರುತ್ತಾನೆ. ಮಾವ ವೈದ್ಯಜಿ. ಹೆಸರಿಗೆ ತಕ್ಕಂತೆ ಔಷಧಿ ಕೊಡುತ್ತಾರೆ. ಜೊತೆಗೆ ಊರಿನ ಕಾಲೇಜಿನ ಮ್ಯಾನೇಜರು ಅವರೇ, ಸಹಕಾರ ಸಂಘದ ಮ್ಯಾನೇಜಿಂಗ್ ಡೈರೆಕ್ಟರೂ ಅವರೇ. ಬ್ರಿಟಿಷರ ಕಾಲದಲ್ಲಿ ಬ್ರಿಟಿಷರ ಭಕ್ತರು, ದೇಶ ಸ್ವತಂತ್ರವಾದ ಮೇಲೆ ದೇಶೀ ಹಾಕಿಮರ, ಅಂದರೆ ಅಧಿಕಾರಿಗಳ ಭಕ್ತರು. ಹಿರಿಮಗ ಬದ್ರಿ, ಪೈಲ್ವಾನ. ಕಿರಿಮಗ ರುಪ್ಪನ್ ಬಾಬು, ಹದಿನೆಂಟು ವರ್ಷದ ವಿದ್ಯಾರ್ಥಿ ನಾಯಕ. ಊರಿನ ರಾಜಕೀಯವೆಲ್ಲ ನಡೆಯೋದು ವೈದ್ಯಜಿಯ ಬೈಠಕ್ಕಿನಲ್ಲಿ, ಅಂದರೆ ಮನೆಯ ಪಡಸಾಲೆಯಲ್ಲಿ. ಅದೇ ಕಾದಂಬರಿಯ ದರ್ಬಾರು.

ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಕಡೆಗೂ ಬರುತ್ತದೆ. ದರ್ಬಾರಿ ಅಂದರೆ ದರ್ಬಾರಿ ಕಾನಡ. ಅಕ್ಬರನ ಆಸ್ಥಾನದಲ್ಲಿ ತಾನಸೇನ್ ಹಾಡಿದ್ದು ಅಂತ ಪರಂಪರೆಯಿಂದ ನಂಬಿಕೊಂಡು ಬಂದ ರಾಗ. ‘ಕಾನಡ’ ಅನ್ನೋದು ‘ಕರ್ಣಾಟ’ದಿಂದ ಬಂತು ಅಂತ ಸಂಗೀತದವರು ಹೇಳುತ್ತಾರೆ. ರಾತ್ರಿ ಹೊತ್ತಾದ ಮೇಲೆ, ಕೆಳಗಿನ ಸ್ಥಾಯಿಯಲ್ಲಿ, ಅವಸರವೇ ಇಲ್ಲದೆ ಹಾಡುವ ರಾಗ. ಅದರ ಕೋಮಲ ಗಾಂಧಾರ ಅನ್ನುವ ಸ್ವರ ಒಂದು ಕಡೆ ನಿಲ್ಲುವುದಿಲ್ಲ. ನಿಧಾನವಾಗಿ ತೂಗುತ್ತಲೇ ಇರುತ್ತದೆ. ಕಾದಂಬರಿಯಲ್ಲಿ ಸಂಗೀತ ಹುಡುಕಿದರೆ ಸಿಗಲ್ಲ. ದರ್ಬಾರಿನಲ್ಲಿ ಕೂತವರು ಹಾಡುವ ರಾಗ ಯಾವುದೋ ಊರೆಲ್ಲ ಅದಕ್ಕೇ ತಲೆದೂಗುತ್ತದೆ ಅನ್ನೋದು ಹೆಸರಿನ ಅರ್ಥ. ಆದರೂ ನನಗೆ ಆ ತೂಗುವ ಗಾಂಧಾರ ಕಾದಂಬರಿಯ ಮೊದಲ ಪುಟದಲ್ಲೇ ಕೇಳಿಸುತ್ತದೆ.

ಆ ಪುಟದಲ್ಲಿ ಒಂದು ಟ್ರಕ್ಕು ನಿಂತಿದೆ. ಸತ್ಯಕ್ಕೆ ಹೇಗೋ ಹಾಗೆ ಈ ಟ್ರಕ್ಕಿಗೂ ಹಲವು ಮುಖಗಳಿದ್ದವು ಅಂತ ಶುಕ್ಲ ಶುರು ಮಾಡುತ್ತಾರೆ. ಒಂದು ಕಡೆಯಿಂದ ನೋಡಿದ ಪೊಲೀಸಿನವನು ‘ರಸ್ತೆ ಮಧ್ಯೆ ನಿಲ್ಲಿಸಿದ್ದೀಯ’ ಅನ್ನಬಹುದು. ಇನ್ನೊಂದು ಕಡೆಯಿಂದ ನೋಡಿದ ಡ್ರೈವರು ‘ಅಂಚಿಗೇ ಇದೆಯಲ್ಲ ಸ್ವಾಮಿ’ ಅನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದರ್ಶನಶಾಸ್ತ್ರದ ಒಂದು ಗಂಭೀರ ಮಾತನ್ನು ತಂದು ಡೀಸೆಲ್ ವಾಸನೆಯ ಲಾರಿ ಪಕ್ಕ ನಿಲ್ಲಿಸೋದು, ನಿಲ್ಲಿಸಿ ಸುಮ್ನೆ ಇದ್ದುಬಿಡೋದು. ಶುಕ್ಲರ ವಾಕ್ಯಗಳು ಹೆಚ್ಚುಕಡಿಮೆ ಹೀಗೇ ಕೆಲಸ ಮಾಡುತ್ತವೆ.

ಇನ್ನೊಂದು ವಾಕ್ಯವನ್ನು ಬಿಚ್ಚಿ ನೋಡೋಣ. ರುಪ್ಪನ್ ಬಾಬು ಹತ್ತನೇ ಕ್ಲಾಸಿನಲ್ಲಿ ಓದುತ್ತಿದ್ದಾನೆ. ಅವನಿಗೆ ಓದು ಅಂದರೆ, ಅದರಲ್ಲೂ ಹತ್ತನೇ ಕ್ಲಾಸಿನ ಓದು ಅಂದರೆ ಬಹಳ ಪ್ರೀತಿ. ಆದ್ದರಿಂದ ಕಳೆದ ಮೂರು ವರ್ಷಗಳಿಂದ ಅದೇ ಕ್ಲಾಸಿನಲ್ಲಿ ಓದುತ್ತಿದ್ದಾನೆ. ‘ಮೂರು ಸಲ ಫೇಲಾದ’ ಅಂದಿದ್ದರೆ ಅದು ಚಾಡಿ. ‘ಆದ್ದರಿಂದ’ ಅನ್ನುವ ಒಂದು ಪದ ಬಂದದ್ದೇ ಅದು ಸರ್ಕಾರಿ ವರದಿ ಆಗಿಬಿಡುತ್ತದೆ. ಕಾರಣ ಇದೆ, ಪರಿಣಾಮ ಇದೆ, ಭಾಷೆ ಸಭ್ಯವಾಗಿದೆ, ತಪ್ಪು ಹುಡುಕಿ ನೋಡೋಣ! ಫೇಲಾದ ಸಂಗತಿಯನ್ನು ಲೇಖಕ ಹೇಳೋದೇ ಇಲ್ಲ. ನಾವೇ ಹೇಳಿಕೊಳ್ಳುತ್ತೇವೆ. ನಗು ಹುಟ್ಟೋದು ಆ ಖಾಲಿ ಜಾಗದಲ್ಲಿ. ಇದನ್ನು ಅರ್ಥ ಮಾಡಿಕೊಂಡರೆ ವಿಡಂಬನೆ ಯಾಕೆ ಕೆಲವರಿಗೆ ತಟ್ಟುವುದೇ ಇಲ್ಲ ಅನ್ನೋದೂ ಗೊತ್ತಾಗುತ್ತದೆ. ಖಾಲಿ ಜಾಗ ತುಂಬೋಕೆ ಓದುಗನ ಹತ್ತಿರ ಸರಕು ಇರಬೇಕು. ಮೂರು ವರ್ಷ ಹತ್ತನೇ ಕ್ಲಾಸಿನಲ್ಲಿ ಕೂತ ಒಬ್ಬ ನಾಯಕನನ್ನಾದರೂ ನೋಡಿರಬೇಕು. ನಮಗೆ ಆ ಸರಕಿಗೆ ಬರ ಇಲ್ಲ, ಅಲ್ವಾ?

ಈ ವರದಿಯ ಭಾಷೆ ಶುಕ್ಲರಿಗೆ ಎಲ್ಲಿಂದ ಬಂತು? ಆಫೀಸಿನಿಂದ. 1925ರ ಡಿಸೆಂಬರ್ 31ರಂದು ಲಖನೌ ಹತ್ತಿರದ ಅತರೌಲಿ ಅನ್ನುವ ಹಳ್ಳಿಯಲ್ಲಿ ಹುಟ್ಟಿದವರು. ಉತ್ತರ ಪ್ರದೇಶದ ಆಡಳಿತ ಸೇವೆಗೆ ಸೇರಿ, ಮುಂದೆ ಐಎಎಸ್ ಆಗಿ, 1983ರಲ್ಲಿ ನಿವೃತ್ತರಾದರು. ಅಂದರೆ ‘ರಾಗ್ ದರ್ಬಾರಿ’ ಬಂದಾಗ ಅವರು ಸರ್ಕಾರಿ ಅಧಿಕಾರಿಯೇ. ಫೈಲಿನ ಭಾಷೆಯನ್ನು ಹೊರಗೆ ನಿಂತು ಅಣಕಿಸಿದವರಲ್ಲ, ದಿನವಿಡೀ ಅದರಲ್ಲೇ ಟಿಪ್ಪಣಿ ಬರೆದವರು. ಫೈಲಿನ ಭಾಷೆಯಲ್ಲಿ ಕರ್ತೃ ಯಾವಾಗಲೂ ನಾಪತ್ತೆ, ಗಮನಿಸಿದ್ದೀರಾ? ‘ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳೋದು? ‘ಕಡತ ಲಭ್ಯವಿರುವುದಿಲ್ಲ.’ ಯಾರು ಕಳೆದದ್ದು? ಆ ನಾಪತ್ತೆಯಾದ ಕರ್ತೃವನ್ನೇ ಶುಕ್ಲ ನಾಲ್ಕುನೂರು ಚಿಲ್ಲರೆ ಪುಟಗಳಲ್ಲಿ ಹುಡುಕಿಕೊಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಸಹಕಾರ ಸಂಘದ ಕಥೆಯನ್ನು ಕೇಳಿ. ಸಂಘದ ಗೋದಿಯನ್ನು ಸೂಪರ್‌ವೈಸರ್ ಲಾರಿಗೆ ತುಂಬಿಸಿ ಮಾರಿಕೊಂಡು ಪರಾರಿಯಾಗಿದ್ದಾನೆ. ಸುದ್ದಿ ಬೈಠಕ್ಕಿಗೆ ಬರುತ್ತದೆ. ನಾವಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದೆವು. ವೈದ್ಯಜಿಯ ಮುಖದಲ್ಲಿ ಗೆರೆ ಕದಲುವುದಿಲ್ಲ. ಅವರು ಹೇಳೋದರ ಸಾರ ಇದು: ಇಷ್ಟು ದಿನ ನಮ್ಮ ಸಂಘದಲ್ಲಿ ದುಡ್ಡು ನುಂಗಿದ ಪ್ರಕರಣ ಒಂದೂ ಇರಲಿಲ್ಲ, ಅದಕ್ಕೇ ಜನ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಈಗ ಆಗಿದೆ, ನಾವು ಮುಚ್ಚಿಟ್ಟಿಲ್ಲ, ಹಾಗಾಗಿ ನಾವು ಸತ್ಯವಂತರು ಅಂತ ಧೈರ್ಯವಾಗಿ ಹೇಳಬಹುದು. ಮುಂದೆ ಸಂಘವೇ ಠರಾವು ಮಾಡುತ್ತದೆ, ಆದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು ಅಂತ. ಇಲ್ಲಿ ಪ್ರತಿ ಹೆಜ್ಜೆಗೂ ತರ್ಕ ಇದೆ. ಸಭೆ ಕರೆದಿದ್ದಾರೆ, ಠರಾವು ಬರೆದಿದ್ದಾರೆ. ಗೋದಿ ಮಾತ್ರ ಇಲ್ಲ.

ಪಂಚಾಯ್ತಿ ಚುನಾವಣೆಯದ್ದೂ ಇದೇ ಬಾಬತ್ತು. ವೈದ್ಯಜಿಯ ಮನೆಯಲ್ಲಿ ಭಂಗಿ ಅರೆದುಕೊಂಡು ಬರೀ ಚಡ್ಡಿ, ಹರಕು ಬನಿಯನ್ನಲ್ಲಿ ಓಡಾಡುವ ಒಬ್ಬನಿದ್ದಾನೆ, ಸನೀಚರ್ ಅಂತ. ನಿಜವಾದ ಹೆಸರು ಮಂಗಲದಾಸ್. ವೈದ್ಯಜಿ ಅವನನ್ನೇ ಪ್ರಧಾನನ ಸ್ಥಾನಕ್ಕೆ ನಿಲ್ಲಿಸುತ್ತಾರೆ. ಗೆಲ್ಲಿಸೋದು ಹೇಗೆ? ಶುಕ್ಲ ಒಬ್ಬ ಪಂಡಿತನ ಗತ್ತಿನಲ್ಲಿ ಚುನಾವಣೆ ಗೆಲ್ಲುವ ಮೂರು ‘ಪದ್ಧತಿ’ಗಳನ್ನು ವಿವರಿಸುತ್ತಾರೆ. ಒಂದೊಂದಕ್ಕೂ ಒಂದೊಂದು ಊರಿನ ಹೆಸರು, ಸಂಗೀತದ ಘರಾನಾಗಳಿಗೆ ಇದ್ದ ಹಾಗೆ. ನನಗಿಷ್ಟ ಮಹಿಪಾಲಪುರ ಪದ್ಧತಿ. ಅಲ್ಲಿ ಚುನಾವಣಾ ಅಧಿಕಾರಿಯ ಕೈಗಡಿಯಾರ ಮುಂದೆ ಓಡುತ್ತಿತ್ತು. ಮತದಾನ ಶುರುವಾದದ್ದು, ಮುಗಿದದ್ದು ಆ ಗಡಿಯಾರದ ಪ್ರಕಾರ. ಒಂದು ಪಕ್ಷದವರು ಬಂದು ಹಾಕಿ ಹೋದರು, ಇನ್ನೊಂದು ಪಕ್ಷದವರು ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಅಲ್ಲಿ ಅಕಸ್ಮಾತ್ತಾಗಿ ಆದದ್ದು ಶಿವಪಾಲಗಂಜ್‌ನಲ್ಲಿ ಬೇಕಂತಲೇ ಆಗುತ್ತದೆ. ಸನೀಚರ್ ಗೆಲ್ಲುತ್ತಾನೆ. ಬೂತು ಹೊಡೆದಿಲ್ಲ, ಕಳ್ಳ ಓಟು ಹಾಕಿಲ್ಲ. ಗಡಿಯಾರ ಸ್ವಲ್ಪ ಉತ್ಸಾಹದಲ್ಲಿತ್ತು, ಅಷ್ಟೇ.

ಕಾಲೇಜಿನ ಬಗ್ಗೆ ಬರೆಯುತ್ತಾ ಹೋದರೆ ಮುಗಿಯಲ್ಲ. ವಿಜ್ಞಾನದ ಮೋತಿರಾಮ್ ಮಾಸ್ಟರು ಸಾಪೇಕ್ಷ ಸಾಂದ್ರತೆಯನ್ನು ಹಿಟ್ಟಿನ ಗಿರಣಿಯ ಉದಾಹರಣೆ ಕೊಟ್ಟು ಹೇಳಿಕೊಡುತ್ತಾರೆ, ಯಾಕೆಂದರೆ ಅವರದ್ದೇ ಒಂದು ಗಿರಣಿ ಇದೆ. ಗಿರಣಿ ಕರೆದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಇದೊಂದನ್ನು ಹೇಳಿ ಮುಂದೆ ಹೋಗುತ್ತೇನೆ.

ಈಗ ಕಷ್ಟದ ಭಾಗ. ನಗುವವರು ಯಾರು, ನಗುವಾಗ ನಿಂತಿರೋದು ಎಲ್ಲಿ?

ಓದುವಾಗ ನಾವು ನಿಂತಿರೋದು ರಂಗನಾಥನ ಪಕ್ಕದಲ್ಲಿ. ಅವನೂ ನಮ್ಮ ಹಾಗೇ ಹೊರಗಿನವನು, ಓದಿದವನು, ಒಳ್ಳೆಯವನು. ಮೊದಲ ಅಧ್ಯಾಯದಲ್ಲೇ ಟ್ರಕ್ ಡ್ರೈವರಿಗೆ ಚುರುಕಾಗಿ ಮಾತು ಕೊಡುತ್ತಾನೆ. ಗೇರು ಟಾಪಿಗೆ ಹಾಕಿದರೂ ಜಾರಿ ನ್ಯೂಟ್ರಲ್ಲಿಗೆ ಬರುತ್ತಿರುತ್ತದೆ. ನಿನ್ನ ಗೇರು ನಮ್ಮ ದೇಶದ ಸರ್ಕಾರದ ಹಾಗೇ ಇದೆ ಅಂತಾನೆ. ಏನು ಮಾಡ್ತಿದ್ದೀಯ ಅಂತ ಯಾರಾದರೂ ಕೇಳಿದರೆ ಹುಲ್ಲು ಅಗೆಯುತ್ತಿದ್ದೇನೆ, ಇಂಗ್ಲಿಷಿನಲ್ಲಿ ಇದಕ್ಕೇ ರಿಸರ್ಚ್ ಅನ್ನೋದು ಅಂತಾನೆ. ನಮಗೆ ಖುಷಿಯಾಗುತ್ತದೆ. ನಮ್ಮವನೊಬ್ಬ ಸಿಕ್ಕಿದ. ಅವನ ಕಣ್ಣಿನಿಂದ ಊರನ್ನು ನೋಡುತ್ತಾ, ಅವನ ಹಾಗೇ ತಲೆಯಾಡಿಸುತ್ತಾ, ಆರಾಮಾಗಿ ನಗುತ್ತಾ ಹೋಗುತ್ತೇವೆ.

ಬಲೆ ಇರೋದು ಇಲ್ಲೇ. ಪುಟ ತಿರುವುತ್ತಾ ಹೋದ ಹಾಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ರಂಗನಾಥ ಏನೂ ಮಾಡೋದಿಲ್ಲ. ಎಲ್ಲ ಗೊತ್ತಿದೆ, ಎಲ್ಲ ಅರ್ಥವಾಗುತ್ತದೆ, ಒಳಗೇ ಸಿಟ್ಟೂ ಬರುತ್ತದೆ. ಮಾವನ ಮನೆ ಊಟ ಮಾತ್ರ ತಪ್ಪಿಸುವುದಿಲ್ಲ. ಲಂಗಡನ ಕಥೆ ಕೇಳಿ ಅವನಿಗೆ ಏನನ್ನಿಸುತ್ತದೆ ಗೊತ್ತಾ? ಇತಿಹಾಸದಲ್ಲಿ ಎಷ್ಟೋ ಯುದ್ಧಗಳನ್ನೂ ಅವುಗಳ ಕಾರಣಗಳನ್ನೂ ಓದಿದ್ದೆ, ಎರಡೂ ಕಡೆಯವರು ಧರ್ಮಕ್ಕಾಗಿಯೇ ಬಡಿದಾಡುವ ಇಂಥ ಯುದ್ಧ ಓದಿರಲಿಲ್ಲ ಅಂತ. ಒಳ್ಳೆಯ ಮಾತು. ಬುದ್ಧಿವಂತಿಕೆಯ ಮಾತು. ಲಂಗಡನಿಗೆ ಅದರಿಂದ ಏನೂ ಸಿಗಲಿಲ್ಲ.

ಕೊನೆಗೆ ಕಾಲೇಜಿನಿಂದ ಖನ್ನಾ ಮಾಸ್ಟರನ್ನು ಬೆದರಿಸಿ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಆ ಖಾಲಿ ಜಾಗಕ್ಕೆ ಬಾ ಅಂತ ಪ್ರಿನ್ಸಿಪಾಲರು ರಂಗನಾಥನನ್ನೇ ಕರೆಯುತ್ತಾರೆ. ರಂಗನಾಥ ಕೆರಳುತ್ತಾನೆ. ಪ್ರಿನ್ಸಿಪಾಲರು ತಣ್ಣಗೆ ಹೇಳುತ್ತಾರೆ: ನಿನ್ನ ವಿಚಾರಗಳು ಬಹಳ ಎತ್ತರದವು, ಆದರೆ ಒಟ್ಟಿನಲ್ಲಿ ಅದರಿಂದ ಸಾಬೀತಾಗೋದು ನೀನೊಂದು ಕತ್ತೆ ಅಂತ. ಎಲ್ಲಿಗೆ ಹೋದರೂ ನಿನಗೆ ಸಿಗೋದು ಯಾವನೋ ಒಬ್ಬ ಖನ್ನಾನ ಜಾಗವೇ ಅನ್ನುವುದು ಅವರ ತಕರಾರು. ಆಮೇಲೆ ಬರುವುದು ‘ಪಲಾಯನ ಸಂಗೀತ’. ನೀನು ಮಧ್ಯಮ ದರ್ಜೆಯ ಮನುಷ್ಯ, ಮನುಷ್ಯತ್ವದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದೀಯ, ಓಡಿಹೋಗು ಅಂತ ಲೇಖಕರ ದನಿ ಎಬ್ಬಿಸುತ್ತದೆ. ಎಲ್ಲಿಗೆ? ಪುಸ್ತಕಗಳಿಗೆ, ಸಂಶೋಧನೆಗೆ, ವಿಚಾರ ಸಂಕಿರಣಗಳಿಗೆ, ಹಳೆಯ ವೈಭವದ ಕಥೆಗಳಿಗೆ. ಇಡೀ ಕಾದಂಬರಿಯಲ್ಲಿ ವೈದ್ಯಜಿಯನ್ನು ಬೈಯುವಾಗಲೂ ಗೌರವ ಬಿಡದ ಆ ದನಿ ಇಲ್ಲಿ ಮೊದಲ ಸಲ ಮೊನಚಾಗುತ್ತದೆ. ಅದರ ಗುರಿ ವೈದ್ಯಜಿ ಅಲ್ಲ. ಓದಿಕೊಂಡು ನಗುತ್ತಿದ್ದವನು.

ಮೊದಲ ಓದಿನಲ್ಲಿ ಈ ಭಾಗ ನನಗೆ ಬೋರು ಹೊಡೆಸಿತ್ತು. ನಗೆ ನಿಂತುಹೋಯಿತಲ್ಲ ಅಂತ ಬೇಗ ಬೇಗ ಪುಟ ತಿರುವಿದ್ದೆ. ಅದೂ ಒಂಥರಾ ಪಲಾಯನವೇ.

ಮೆಚ್ಚಿನ ಲೇಖಕ ಅಂತ ಎಲ್ಲಕ್ಕೂ ಹೂಂಗುಟ್ಟೋಕಾಗಲ್ಲ. ಈ ಕಾದಂಬರಿಯಲ್ಲಿ ಹೆಂಗಸರು ಇಲ್ಲವೇ ಇಲ್ಲ ಅನ್ನಬಹುದು. ಬೇಲಾ ಅನ್ನುವ ಹುಡುಗಿಯ ಸುತ್ತ ಊರೆಲ್ಲ ಪಿಸುಗುಡುತ್ತದೆ. ಸಿನಿಮಾ ಹಾಡಿನ ಸಾಲುಗಳನ್ನು ಪೋಣಿಸಿ ಬರೆದ ಒಂದು ಪ್ರೇಮಪತ್ರ ದೊಡ್ಡ ರಾದ್ಧಾಂತ ಮಾಡುತ್ತದೆ. ಆದರೆ ಆ ಹುಡುಗಿಗೆ ಏನನ್ನಿಸಿತು ಅಂತ ಕೇಳುವ ಕೆಲಸಕ್ಕೆ ಶುಕ್ಲ ಹೋಗುವುದಿಲ್ಲ. ದರ್ಬಾರಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ಅದಕ್ಕೇ ಕಾದಂಬರಿಯಲ್ಲೂ ಇಲ್ಲ ಅಂತ ವಾದಿಸಬಹುದು. ನನಗದು ಅರ್ಧ ಒಪ್ಪಿಗೆ. ಬೈಠಕ್ಕಿನ ಆಚೆ ಒಂದು ಅಡುಗೆಮನೆ ಇತ್ತು, ವೈದ್ಯಜಿ ಬಾಯಿ ತುಂಬ ಧರ್ಮ ಮಾತಾಡುವಾಗ ಅಲ್ಲಿಂದ ಯಾರಾದರೂ ಒಂದು ಮಾತು ಅಂದಿದ್ದರೆ ನಗು ಇನ್ನೂ ಬೇರೆ ಥರ ಇರುತ್ತಿತ್ತು. ಇನ್ನೊಂದು, ಚಟಾಕಿಗಳು ಜಾಸ್ತಿ ಆಯ್ತು. ಪ್ರತಿ ಪ್ಯಾರಾದಲ್ಲೂ ಒಂದು ಉಪಮೆ ಸಿಡಿಯಬೇಕು ಅನ್ನುವ ಹಠ ನಡುವಿನ ಅಧ್ಯಾಯಗಳಲ್ಲಿ ಸುಸ್ತು ಮಾಡಿಸುತ್ತದೆ. ದಿನಕ್ಕೆ ಇಪ್ಪತ್ತು ಪುಟಕ್ಕಿಂತ ಹೆಚ್ಚು ಓದಬೇಡಿ.

ಇದೆಲ್ಲ 60ರ ದಶಕದ ಕಥೆ, ಈಗ ಕಾಲ ಬದಲಾಗಿದೆ ಅನ್ನುವವರಿದ್ದಾರೆ. ಬದಲಾಗಿದೆ, ನಿಜ. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು, ಪಹಣಿ ಕಂಪ್ಯೂಟರಿಗೆ ಹೋಯಿತು, ಹದಿನೈದು ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. 2005ರಲ್ಲಿ ಮಾಹಿತಿ ಹಕ್ಕು ಬಂತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. 2011ರ ಸಕಾಲ ಕಾಯಿದೆಯಲ್ಲಿ ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ ಪರಿಹಾರ, ಹೆಚ್ಚೆಂದರೆ ಐನೂರು. ಲಂಗಡನಿಗೆ ಇವೆಲ್ಲ ಸಿಕ್ಕಿದ್ದರೆ ಕಾದಂಬರಿ ಅರ್ಧಕ್ಕೇ ಮುಗಿದುಹೋಗುತ್ತಿತ್ತೋ ಏನೋ.

ಹಾಗಂತ ಪೂರ್ತಿ ನಿರಾಳ ಆಗಬೇಡಿ. 2008ರಲ್ಲಿ ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಿಗೆ ಒಂದು ತಿದ್ದುಪಡಿ ಸೇರಿತು: ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉದ್ದುದ್ದ ಅರ್ಜಿಗಳ ಕಾಟ ತಪ್ಪಲಿ ಅಂತ. ಕಾರಣ ಇದೆ, ತರ್ಕ ಇದೆ. ಆದರೆ ಕೌಂಟರಿನ ಹಿಂದೆ ಆ ನಕಲು ಗುಮಾಸ್ತ ಕೂತಿದ್ದಾನೆ ಅಂದುಕೊಳ್ಳಿ. ಲಂಗಡನ ಅರ್ಜಿಯನ್ನು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಎಣಿಸುತ್ತಾನೆ. ನೂರೈವತ್ತೆರಡು. ಸಾರಿ, ಕಾಯಿದೆ ಪ್ರಕಾರ ಬರಲ್ಲ.

ಲಂಗಡನ ಕಥೆ ಮುಗಿಯೋದು ಹೇಗೆ ಅಂತ ಹೇಳಿಲ್ಲ ಅಲ್ವಾ. ಅವನ ಅರ್ಜಿ ಒಮ್ಮೆ ಒಂದು ಕೊರತೆಗೆ, ಇನ್ನೊಮ್ಮೆ ಇನ್ನೊಂದು ಕೊರತೆಗೆ ಬೀಳುತ್ತಾ ಹೋಗುತ್ತದೆ. ಅವನು ಮತ್ತೆ ಮತ್ತೆ ತಹಸೀಲಿಗೆ ನಡೆಯುತ್ತಾನೆ. ಯಾರಾದರೂ ಕೇಳಿದರೆ ಇನ್ನೇನು ಆಗೇಹೋಯ್ತು ಅನ್ನುವ ಧಾಟಿಯಲ್ಲಿ ಉತ್ತರ ಕೊಡುತ್ತಾನೆ. ಕೊನೆಗೂ ಒಂದು ದಿನ ನಕಲು ತಯಾರಾಗುತ್ತದೆ. ಕಾಯಿದೆ ಪ್ರಕಾರ ಅದರ ಸೂಚನೆಯನ್ನು ಬೋರ್ಡಿಗೆ ಹಚ್ಚುತ್ತಾರೆ. ಕಾಯಿದೆ ಪ್ರಕಾರ ಹದಿನೈದು ದಿನ ಕಾಯುತ್ತಾರೆ. ಅಷ್ಟೂ ದಿನ ಲಂಗಡ್ ಜ್ವರ ಬಂದು ಊರಲ್ಲಿ ಮಲಗಿರುತ್ತಾನೆ. ಯಾರೂ ಬಂದು ಒಯ್ಯದ ನಕಲನ್ನು, ಕಾಯಿದೆ ಪ್ರಕಾರ, ಹರಿದು ಹಾಕುತ್ತಾರೆ.

ಇಬ್ಬರ ಆಣೆಯೂ ನಿಂತಿತು. ಗುಮಾಸ್ತ ಲಂಚ ಮುಟ್ಟಲಿಲ್ಲ, ನಕಲು ತಯಾರು ಮಾಡಿಯೇ ಮಾಡಿದ. ಲಂಗಡನೂ ಲಂಚ ಕೊಡಲಿಲ್ಲ. ಯಾರ ಮೇಲೆ ದೂರು ಕೊಡ್ತೀರಿ?

ಶುಕ್ಲರಿಗೆ 2009ರ ಸಾಲಿನ ಜ್ಞಾನಪೀಠ ಹಿಂದಿಯ ಇನ್ನೊಬ್ಬ ಲೇಖಕ ಅಮರಕಾಂತ್ ಅವರ ಜೊತೆ ಹಂಚಿಕೆಯಾಗಿ ಬಂತು. ಅದು ಘೋಷಣೆಯಾದದ್ದು 2011ರ ಸೆಪ್ಟೆಂಬರಿನಲ್ಲಿ. ನಮ್ಮ ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂದ ಸುದ್ದಿಯೂ ಅದೇ ತಿಂಗಳದ್ದು. ಇಲ್ಲಿ ಎಲ್ಲರೂ ಕಂಬಾರರ ಸಂಭ್ರಮದಲ್ಲಿದ್ದರು, ನಾನೂ ಇದ್ದೆ. ಶುಕ್ಲ ಆಗ ಹಾಸಿಗೆ ಹಿಡಿದಿದ್ದರು. ಅಕ್ಟೋಬರಿನಲ್ಲಿ ಲಖನೌದ ಆಸ್ಪತ್ರೆಗೇ ಹೋಗಿ ಪ್ರಶಸ್ತಿ ಕೊಟ್ಟರು. ಅದೇ ತಿಂಗಳ 28ಕ್ಕೆ ತೀರಿಕೊಂಡರು. ಪ್ರಶಸ್ತಿಯ ಸೂಚನೆ ಬೋರ್ಡಿಗೆ ಹಚ್ಚಿದ ಹೊತ್ತು ಅವರ ಕಾದಂಬರಿಯಿಂದಲೇ ಹರಿದು ತಂದ ಪುಟದ ಹಾಗಿತ್ತು.

ನಾನು ಎರಡನೇ ಸಲ ‘ರಾಗ್ ದರ್ಬಾರಿ’ ಓದಿದ್ದು ಒಂದು ಕಚೇರಿಯ ಬೆಂಚಿನ ಮೇಲೆ. ಯಾವ ಊರಿನದು ಅಂತ ಬೇಡ. ಅಪ್ಪನ ಜಮೀನಿನ ಹಳೆಯ ದಾಖಲೆಯ ದೃಢೀಕೃತ ನಕಲು ಬೇಕಿತ್ತು. ಕಂಪ್ಯೂಟರಿಗೆ ಹೋಗದ ಕಾಲದ್ದು, ರೆಕಾರ್ಡ್ ರೂಮಿನಲ್ಲೇ ಹುಡುಕಬೇಕು. ಯಾರೂ ಲಂಚ ಕೇಳಲಿಲ್ಲ. ಬಹಳ ಮರ್ಯಾದೆಯಿಂದ ಕೂರಿ ಸಾರ್ ಅಂದರು. ಮೂರನೇ ಸಲ ಕೂತಾಗ ಚೀಲದಿಂದ ಪುಸ್ತಕ ತೆಗೆದೆ. ಅಷ್ಟು ಹೊತ್ತಿಗೆ ಹಿಂದಿ ಸುಧಾರಿಸಿತ್ತು, ಲಂಗಡನ ಜಗಳದ ಪುಟವನ್ನು ಹುಡುಕಿಯೇ ಓದಲು ಶುರು ಮಾಡಿದೆ. ಜಾಗವೂ ಹೇಳಿ ಮಾಡಿಸಿದ ಹಾಗಿತ್ತು. ಒಳಗೊಳಗೇ ನಗು.

ಒಬ್ಬ ಅಜ್ಜ ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಮಡಚಿ ಮಡಚಿ ಬಟ್ಟೆಯಂತಾದ ಒಂದು ಕಾಗದ, ಒಂದು ಖಾಲಿ ಅರ್ಜಿ ಫಾರಂ.

‘ಸ್ವಾಮೀ, ಇದೊಂದು ಬರ್ದು ಕೊಡ್ತೀರಾ? ಕನ್ನಡಕ ತಂದಿಲ್ಲ.’

‘ಸ್ವಲ್ಪ ಇರಿ ಅಜ್ಜ, ಈ ಪುಟ ಮುಗಿಸಿಬಿಡ್ತೀನಿ’ ಅಂದೆ.

ಪುಟ ಮುಗಿಸಿ ತಲೆ ಎತ್ತಿದಾಗ ಅವರು ಆ ಕಡೆ ಕಿಟಕಿಯ ಹತ್ತಿರ ಒಬ್ಬ ಹುಡುಗನ ಕೈಲಿ ಬರೆಸಿಕೊಳ್ಳುತ್ತಿದ್ದರು. ಹುಡುಗ ಒಂದೊಂದೇ ಅಕ್ಷರ ಕೇಳಿ ಕೇಳಿ ತುಂಬುತ್ತಿದ್ದ. ಅಜ್ಜ ಸರ್ವೆ ನಂಬರನ್ನು ಕಾಗದ ನೋಡದೆಯೇ ಹೇಳುತ್ತಿದ್ದರು.